ಬ್ಯಾಕಪ್‌ನಿಂದ ಕಡತ ಮರಳಿ ಬಾರದಿದ್ದಾಗ: ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸ



ಪಂಚತಂತ್ರ ಮತ್ತು ಇ-ಸ್ವತ್ತು ತಂತ್ರಾಂಶಗಳಲ್ಲಿ ದಾಖಲಾದ ಮಾಹಿತಿಯು ರಾಜ್ಯಮಟ್ಟದ ಸರ್ವರ್‌ನಲ್ಲಿರುತ್ತದೆ. ಆದುದರಿಂದ ಕಚೇರಿಯ ಗಣಕಯಂತ್ರ ಕೆಟ್ಟರೂ ಚಿಂತೆಯಿಲ್ಲವೆಂದು ಹಲವರು ಭಾವಿಸಿದ್ದಾರೆ. ಆದರೆ ಸಭಾ ನಡವಳಿಗಳ ಬೆರಳಚ್ಚು ಪ್ರತಿ, ಹಳೆಯ ತೆರಿಗೆ ಬೇಡಿಕೆ ವಹಿಯ ಸ್ಕ್ಯಾನ್, ಕಾಮಗಾರಿಗಳ ಛಾಯಾಚಿತ್ರ, ನ್ಯಾಯಾಲಯಕ್ಕೆ ಸಲ್ಲಿಸಿದ ಉತ್ತರ ಇವೆಲ್ಲವೂ ಸಾಮಾನ್ಯವಾಗಿ ಆ ಯಂತ್ರದಲ್ಲಿಯೇ ಉಳಿದಿರುತ್ತವೆ.

ನಾನು ಹಿಂದೆ ಕರ್ತವ್ಯ ನಿರ್ವಹಿಸಿದ ಒಂದು ಪಂಚಾಯಿತಿಯಲ್ಲಿ ಬೇಸಿಗೆಯ ಗುಡುಗು ಮಳೆಯಂದು ಗಣಕಯಂತ್ರ ಸುಟ್ಟುಹೋಯಿತು. ಪ್ರತಿ ಶನಿವಾರ ಬಾಹ್ಯ ಹಾರ್ಡ್ ಡಿಸ್ಕ್‌ಗೆ ಬ್ಯಾಕಪ್ ಆಗುತ್ತಿದ್ದ ಕಾರಣ ನಾನು ನಿಶ್ಚಿಂತನಾಗಿದ್ದೆ. ಅದೇ ವಾರ ವೃದ್ಧೆಯೊಬ್ಬರು ತಮ್ಮ ಮನೆಯ ಖಾತೆಯ ತಕರಾರಿಗೆ ಸಂಬಂಧಿಸಿದ ಹಳೆಯ ಠರಾವಿನ ಪ್ರತಿಯನ್ನು ಕೋರಿ ಬಂದರು. ಹೊಸ ಯಂತ್ರಕ್ಕೆ ಡಿಸ್ಕ್ ಜೋಡಿಸಿದಾಗ ಫೋಲ್ಡರ್ ಕಾಣಿಸಿತು, ಆದರೆ ಒಳಗಿನ ಕಡತಗಳು ತೆರೆಯಲಿಲ್ಲ. ಪ್ರತಿಯೊಂದರ ಗಾತ್ರ ಕೇವಲ 2 ಕಿಲೋಬೈಟ್. ಡೆಸ್ಕ್‌ಟಾಪ್‌ನಲ್ಲಿದ್ದ ಶಾರ್ಟ್‌ಕಟ್‌ಗಳನ್ನೇ ಕಡತಗಳೆಂದು ತಿಳಿದು ಎರಡು ವರ್ಷ ನಕಲು ಮಾಡಲಾಗಿತ್ತು. ಶಾರ್ಟ್‌ಕಟ್ ಎಂದರೆ ಮನೆಯ ವಿಳಾಸ ಬರೆದ ಚೀಟಿ. ಮನೆಯೇ ಬಿದ್ದ ಮೇಲೆ ಆ ಚೀಟಿಯಿಂದ ಪ್ರಯೋಜನವಿಲ್ಲ. ಇದರಲ್ಲಿ ಡಾಟಾ ಎಂಟ್ರಿ ಆಪರೇಟರರ ದೋಷಕ್ಕಿಂತ ನನ್ನ ದೋಷವೇ ಹೆಚ್ಚು. ಇಂಜಿನಿಯರಿಂಗ್ ಓದಿದ ನಾನು ಒಮ್ಮೆಯೂ ಒಂದು ಕಡತವನ್ನಾದರೂ ತೆರೆದು ನೋಡಿರಲಿಲ್ಲ.

ಅದಕ್ಕೂ ಹಿಂದಿನ ವರ್ಷಗಳ ಫೋಲ್ಡರ್ ತೆರೆಯಲು ಹೋದಾಗ ಅನುಮತಿ ಇಲ್ಲವೆಂಬ ಸೂಚನೆ ಬಂದಿತು. ಅದು ಹಳೆಯ ಯಂತ್ರದ ಬಳಕೆದಾರರ ಹೆಸರಿನಲ್ಲಿತ್ತು. ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಮಾಡಿ ಫೋಲ್ಡರ್‌ನ ಒಡೆತನವನ್ನು ಬದಲಿಸಿದ ಬಳಿಕ ಅದು ತೆರೆಯಿತು. ಆದರೆ ಪರದೆಯ ಮೇಲೆ ಕನ್ನಡವೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳೂ ತಲೆಯ ಮೇಲೆ ಗೆರೆ ಚುಕ್ಕೆ ಹೊತ್ತ ವಿಚಿತ್ರ ಚಿಹ್ನೆಗಳೂ ತುಂಬಿದ್ದವು. ಕಡತ ಕೆಟ್ಟಿದೆಯೆಂದು ಅಳಿಸಲು ಸಿದ್ಧರಾಗಿದ್ದ ಆಪರೇಟರರನ್ನು ತಡೆದೆ. ಆ ಪುಟಗಳನ್ನು ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟ್‌ನಲ್ಲಿ ಬರೆಯಲಾಗಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಹಾಗೆಯೇ ಕಾಣುತ್ತವೆ. ಫಾಂಟ್ ಅಳವಡಿಸಿದ ಕೂಡಲೇ ಠರಾವು ಕಣ್ಣೆದುರಿಗೆ ಬಂದಿತು. ಅಂದೇ ದೃಢೀಕೃತ ಪ್ರತಿ ನೀಡಿದೆವು. ಇಂತಹ ಹಳೆಯ ಕಡತಗಳನ್ನು ನುಡಿಯ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ, ಮೂಲವನ್ನೂ ಉಳಿಸಿಕೊಳ್ಳಬೇಕು. ಶಾರ್ಟ್‌ಕಟ್ ಆಗಿದ್ದ ಎರಡು ವರ್ಷಗಳ ಬೆರಳಚ್ಚು ಪ್ರತಿಗಳು ಮಾತ್ರ ಮರಳಲಿಲ್ಲ.

ದೊಡ್ಡವರಿಗೂ ಹೀಗಾಗಿದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯ ನೌಕರರೊಬ್ಬರು ಸುಮಾರು 300 ಗಿಗಾಬೈಟ್ ದತ್ತಾಂಶವನ್ನು ತಪ್ಪಾಗಿ ಅಳಿಸಿದರು. ಆ ಸಂಸ್ಥೆಯು ಹಲವು ಬಗೆಯ ಬ್ಯಾಕಪ್ ಹೊಂದಿತ್ತು. ನಿತ್ಯದ ಬ್ಯಾಕಪ್ ಇರಬೇಕಾದ ಸ್ಥಳ ಖಾಲಿಯಾಗಿತ್ತು. ಅದು ವಿಫಲವಾಗುತ್ತಿದೆಯೆಂಬ ಎಚ್ಚರಿಕೆಯ ಇಮೇಲ್‌ಗಳು ಯಾರಿಗೂ ತಲುಪಿರಲಿಲ್ಲ. ಸುಮಾರು 6 ಗಂಟೆ ಮೊದಲು ಬೇರೆ ಉದ್ದೇಶಕ್ಕೆ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು.

ಡಿಸ್ಕ್ ಜೋಡಿಸಿದಾಗ ‘ಫಾರ್ಮ್ಯಾಟ್ ಮಾಡಬೇಕು’ ಎಂಬ ಸೂಚನೆ ಬಂದರೆ ಒಪ್ಪಬಾರದು. ಅದಕ್ಕೆ ಏನನ್ನೂ ಬರೆಯದೆ ತೆಗೆದಿಟ್ಟು, ತಿಳಿದವರಿಗೆ ತೋರಿಸಬೇಕು. ಡಿಸ್ಕನ್ನು ಸದಾ ಯಂತ್ರಕ್ಕೆ ಜೋಡಿಸಿಟ್ಟರೆ ರ‍್ಯಾನ್ಸಮ್‌ವೇರ್ ಬಂದ ದಿನ ಮೂಲದೊಂದಿಗೆ ಅದೂ ಹೋಗುತ್ತದೆ. ಡಿಜಿಟಲ್ ಸಹಿಯ ಟೋಕನ್ನಿಗಂತೂ ಬ್ಯಾಕಪ್ ಎಂಬುದೇ ಇಲ್ಲ. ಕಳೆದುಹೋದರೆ ಹೊಸದನ್ನೇ ಪಡೆಯಬೇಕು.

ಸದಸ್ಯರಲ್ಲಿ ನನ್ನ ಕೋರಿಕೆಯಿಷ್ಟು. ಕೆರೆಯಲ್ಲಿ ನೀರಿದ್ದರೆ ಸಾಲದು, ತೂಬು ಎತ್ತಿದಾಗ ನೀರು ಹರಿಯಬೇಕೆಂಬುದು ತಮಗೆ ತಿಳಿದದ್ದೇ. ಸಾಮಾನ್ಯ ಸಭೆಯ ದಿನ ತಮ್ಮಲ್ಲೊಬ್ಬರು ಯಾವುದಾದರೂ ವರ್ಷದ ಒಂದು ಕಡತವನ್ನು ಹೆಸರಿಸಿರಿ. ಅದನ್ನು ಬ್ಯಾಕಪ್ ಡಿಸ್ಕ್‌ನಿಂದ ಬೇರೊಂದು ಯಂತ್ರದಲ್ಲಿ ತೆರೆದು ತೋರಿಸಲು ಅಭಿವೃದ್ಧಿ ಅಧಿಕಾರಿಗೆ ಹೇಳಿರಿ. ತೆರೆಯಿತೋ ಇಲ್ಲವೋ ಎಂಬುದು ನಡವಳಿಯಲ್ಲಿ ದಾಖಲಾಗಲಿ. ನಮ್ಮಂತಹ ಅಧಿಕಾರಿಗಳಿಗೆ ಇದು ಕೊಂಚ ಮುಜುಗರ, ಇರಲಿ. ಎರಡನೆಯ ಡಿಸ್ಕ್ ಒಂದನ್ನು ಖರೀದಿಸಿ, ಕಚೇರಿಯ ಬದಲು ಅರಿವು ಕೇಂದ್ರದ ಬೀಗವಿರುವ ಬೀರುವಿನಲ್ಲಿಡಲು ಠರಾವು ಮಾಡಬಹುದು. ಕೈಬರಹದ ನಡವಳಿ ಪುಸ್ತಕಗಳನ್ನು ಸ್ಕ್ಯಾನ್ ಆಗಿದೆಯೆಂಬ ಕಾರಣಕ್ಕೆ ವಿಲೇವಾರಿ ಮಾಡುವ ಪ್ರಸ್ತಾವ ಬಂದಲ್ಲಿ ದಯವಿಟ್ಟು ಒಪ್ಪಬೇಡಿ. ಕಳೆದುಹೋದ ಆ ಎರಡು ವರ್ಷಗಳನ್ನು ನಾವು ಅಂತಹ ಪುಸ್ತಕ ನೋಡಿಯೇ ಮತ್ತೆ ಬೆರಳಚ್ಚು ಮಾಡಿದೆವು.