ಕಂಪ್ಯೂಟರ್ ಜೋಡಿಸುವ ಮುನ್ನ ಅಳತೆ ತಿಳಿಯಿರಿ

(ಆನೇಮಹಲ್‌ನಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ಮಾಡಿದ ಭಾಷಣದ ಸಾರ)



ಮಕ್ಕಳ ಓದಿಗೆಂದು ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸುವಾಗ ಎಲ್ಲರೂ ವಿಚಾರಿಸುವುದು ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಎಂದು. ಮದರ್‌ಬೋರ್ಡು ಕ್ಯಾಬಿನೆಟ್‌ನೊಳಗೆ ಕೂರುತ್ತದೆಯೇ ಎಂದು ಕೇಳುವವರು ಕಡಿಮೆ. ಬಿಡಿಭಾಗಗಳ ದೊಡ್ಡ ಮಾರುಕಟ್ಟೆಯಾದ ಬೆಂಗಳೂರಿನ ಎಸ್.ಪಿ. ರಸ್ತೆ ನಮ್ಮೂರಿನಿಂದ 200 ಕಿ.ಮೀ.ಗೂ ಹೆಚ್ಚು ದೂರ. ಅಲ್ಲಿಂದ ತಂದದ್ದು ಹೊಂದದಿದ್ದರೆ ಬದಲಾಯಿಸಲು ಹೋದವರಿಗೆ ಒಂದು ದಿನದ ದುಡಿಮೆಯೂ ಬಸ್ ಚಾರ್ಜೂ ನಷ್ಟ.

ಅಳತೆಗಳು ಮುಖ್ಯವಾಗಿ ಮೂರು. ಇಂಟೆಲ್ ಕಂಪೆನಿ 1995ರಲ್ಲಿ ತಂದ ಎಟಿಎಕ್ಸ್ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. 1997ರ ಮೈಕ್ರೋ ಎಟಿಎಕ್ಸ್ ಹೆಚ್ಚೆಂದರೆ 244 ಮಿ.ಮೀ. ಚೌಕ. ವಿಯಾ ಕಂಪೆನಿ 2001ರಲ್ಲಿ ತಂದ ಮಿನಿ ಐಟಿಎಕ್ಸ್ 170 ಮಿ.ಮೀ. ಚೌಕ. ಇವುಗಳ ಸ್ಕ್ರೂ ತೂತುಗಳನ್ನು ಒಂದಕ್ಕೊಂದು ಹೊಂದುವಂತೆ ಇಟ್ಟಿದ್ದಾರೆ. ಆದ್ದರಿಂದ ದೊಡ್ಡ ಕ್ಯಾಬಿನೆಟ್‌ನಲ್ಲಿ ಚಿಕ್ಕ ಬೋರ್ಡು ಸಾಮಾನ್ಯವಾಗಿ ಕೂರುತ್ತದೆ; ಚಿಕ್ಕದರಲ್ಲಿ ದೊಡ್ಡದು ಕೂರದು.

ಹಾಗೆಂದು ದೊಡ್ಡ ಬೋರ್ಡಿಗೆ ಹೆಚ್ಚು ವೇಗವಿದೆ ಎಂದು ತಿಳಿಯಬೇಡಿ. ಅದರಲ್ಲಿ ಹೆಚ್ಚಿರುವುದು ಕಾರ್ಡು ಸಿಕ್ಕಿಸುವ ಜಾಗ. ಎಟಿಎಕ್ಸ್‌ನಲ್ಲಿ ಏಳರವರೆಗೆ, ಮೈಕ್ರೋ ಎಟಿಎಕ್ಸ್‌ನಲ್ಲಿ ನಾಲ್ಕರವರೆಗೆ, ಮಿನಿಯಲ್ಲಿ ಒಂದು ಸ್ಲಾಟ್. ಟೈಪಿಂಗ್, ಟ್ಯಾಲಿ, ಪ್ರೋಗ್ರಾಮಿಂಗ್ ಕಲಿಯಲು ಮೈಕ್ರೋ ಎಟಿಎಕ್ಸ್ ಧಾರಾಳವಾಗಿ ಸಾಕು. ಉಳಿದ ಹಣವನ್ನು ಯುಪಿಎಸ್‌ಗೆ ಹಾಕಿ. ಮಲೆನಾಡಿನ ಮಳೆಗಾಲದ ಕರೆಂಟು ಹೇಗೆಂದು ನಿಮಗೆ ಹೇಳಬೇಕಿಲ್ಲ.

ಅಂಗಡಿಯಲ್ಲಿ ಇನ್ನೂ ಮೂರು ಪ್ರಶ್ನೆ ಕೇಳಿ. ಪ್ರೊಸೆಸರ್ ಮೇಲಿನ ಫ್ಯಾನಿನ ಎತ್ತರಕ್ಕೆ ಜಾಗವಿದೆಯೇ? ಗ್ರಾಫಿಕ್ಸ್ ಕಾರ್ಡ್ ಹಾಕುವುದಾದರೆ ಅದರ ಉದ್ದ ಹಿಡಿಸುತ್ತದೆಯೇ? ಪವರ್ ಸಪ್ಲೈ ಯಾವ ಅಳತೆಯದು? ಹಳೆಯ ಆಫೀಸ್ ಕಂಪ್ಯೂಟರ್ ಅಗ್ಗಕ್ಕೆ ಸಿಕ್ಕಿದರೂ ಒಳಗೆ ತೆರೆದು ನೋಡಿ. ಕೆಲವು ಕಂಪೆನಿಗಳು ತಮ್ಮದೇ ಆಕಾರದ ಬೋರ್ಡು, ತಮ್ಮದೇ ಪಿನ್ನುಗಳನ್ನು ಬಳಸುತ್ತವೆ. ಅಂಥ ಬೋರ್ಡು ಕೆಟ್ಟರೆ ಮಾರುಕಟ್ಟೆಯ ಬೋರ್ಡು ಅಲ್ಲಿ ಕೂರುವುದಿಲ್ಲ.

ಜೋಡಿಸುವಾಗ ಬೋರ್ಡಿನ ಕೆಳಗೆ ಬರುವ ಹಿತ್ತಾಳೆಯ ಚಿಕ್ಕ ಕಾಲುಗಳನ್ನು ಎಣಿಸಿ ನೋಡಿ. ಬೋರ್ಡಿನಲ್ಲಿ ತೂತಿರುವ ಕಡೆ ಮಾತ್ರ ಅವು ಇರಬೇಕು. ತೂತಿಲ್ಲದ ಕಡೆ ಒಂದು ಉಳಿದರೂ ಬೋರ್ಡಿನ ಹಿಂಬದಿಗೆ ತಾಗಿ ಶಾರ್ಟ್ ಆಗಬಹುದು.

ಎಟಿಎಕ್ಸ್ ತೂತುಗಳ ಕ್ರಮ ಇಂದಿಗೂ ಬದಲಾಗಿಲ್ಲ. ಗಾಳಿಯಾಡುವ ಒಳ್ಳೆಯ ಕ್ಯಾಬಿನೆಟ್ ಒಂದಿದ್ದರೆ ಅಣ್ಣ ಬಳಸಿದ್ದರಲ್ಲೇ ಮುಂದೆ ತಂಗಿಗೆ ಹೊಸ ಬೋರ್ಡು ಕೂರಿಸಬಹುದು. ಇಸ್ರಾಫ್, ಅಂದರೆ ದುಂದುವೆಚ್ಚ, ನಮ್ಮ ದೀನ್ ಒಪ್ಪದ ನಡತೆ. ಕೊಳ್ಳುವ ಮುನ್ನ ಅಳತೆಯನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಅಲ್ಲಾಹನು ನಮ್ಮ ಮಕ್ಕಳ ವಿದ್ಯೆಯಲ್ಲಿ ಬರಕತ್ ನೀಡಲಿ. ಆಮೀನ್.