ಮನೆಯ ಮಾತಿಗೂ ವ್ಯಾಕರಣವಿದೆ



ಕನ್ನಡದಲ್ಲಿ 'ಕುಣಿ' ಎಂಬ ಕ್ರಿಯಾಪದಕ್ಕೆ 'ಇಸು' ಸೇರಿದರೆ 'ಕುಣಿಸು' ಆಗುತ್ತದೆ. ಕೋತಿ ಕುಣಿಯುತ್ತದೆ, ಕೋತಿಯನ್ನು ಇನ್ನೊಬ್ಬರು ಕುಣಿಸುತ್ತಾರೆ. ಈ ಪ್ರತ್ಯಯವನ್ನು ಯಾವ ತಾಯಿಯೂ ತೊಟ್ಟಿಲ ಪಕ್ಕದಲ್ಲಿ ಕುಳಿತು ಪಾಠ ಮಾಡುವುದಿಲ್ಲ. ಆದರೂ ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಮಗು ಅದನ್ನು ತನ್ನದಾಗಿಸಿಕೊಂಡಿರುತ್ತದೆ. ಇದು ಹೇಗೆ ಸಾಧ್ಯ?

ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೈಲಾ ಗ್ಲೈಟ್‌ಮನ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಪ್ರಶ್ನೆಯನ್ನು ಕನ್ನಡದ ಮಕ್ಕಳ ಮುಂದೆಯೇ ಇಟ್ಟಿತು. ಮೂರು ವರ್ಷದ ಮಕ್ಕಳ ಕೈಗೆ ಆಟಿಕೆಯ ಪ್ರಾಣಿಗಳನ್ನು ಕೊಟ್ಟು, ಕೇಳಿದ ವಾಕ್ಯವನ್ನು ಆಡಿ ತೋರಿಸುವಂತೆ ಹೇಳಲಾಯಿತು. ಕೆಲವು ವಾಕ್ಯಗಳಲ್ಲಿ ಬೇಕೆಂದೇ 'ಇಸು' ಕೈಬಿಡಲಾಗಿತ್ತು. ಕೆಲವದರಲ್ಲಿ ಬೇಡದ ಕಡೆ ಸೇರಿಸಲಾಗಿತ್ತು. 'ಒಬ್ಬರು ಇನ್ನೊಬ್ಬರಿಂದ ಮಾಡಿಸಿದರು' ಎಂಬ ಅರ್ಥಕ್ಕೆ ಕನ್ನಡದಲ್ಲಿ 'ಇಸು' ಅತ್ಯಂತ ನಂಬಿಕೆಯ ಗುರುತು. ದೊಡ್ಡವರು ಅದಕ್ಕೂ ಗಮನ ಕೊಟ್ಟರು. ಮಕ್ಕಳು ಮಾತ್ರ ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನು ಆಧರಿಸಿದರು: ಎರಡಿದ್ದರೆ ಒಬ್ಬರು ಮಾಡಿಸುವವರು, ಇನ್ನೊಬ್ಬರು ಮಾಡುವವರು. ಕಿವಿಗೆ ಬಿದ್ದದ್ದನ್ನು ಮಗು ಹಾಗೆಯೇ ನಕಲು ಮಾಡುವುದಿಲ್ಲ, ತನ್ನದೇ ನಿರೀಕ್ಷೆಗಳೊಡನೆ ಭಾಷೆಯನ್ನು ಎದುರುಗೊಳ್ಳುತ್ತದೆ ಎಂಬುದು ಸಂಶೋಧಕರ ವಿವರಣೆ.

ತಿದ್ದುವುದರಿಂದ ಭಾಷೆ ಬರುತ್ತದೆಂಬ ನಂಬಿಕೆಯೂ ಇಷ್ಟೇ ದುರ್ಬಲ. ರೋಜರ್ ಬ್ರೌನ್ ಮತ್ತು ಕ್ಯಾಮಿಲ್ ಹ್ಯಾನ್ಲನ್ 1970ರಲ್ಲಿ ತೋರಿಸಿಕೊಟ್ಟಂತೆ, ತಂದೆತಾಯಿಗಳು ಮೆಚ್ಚುವುದೂ ಅಲ್ಲಗಳೆಯುವುದೂ ಹೆಚ್ಚಾಗಿ ಮಗು ಹೇಳಿದ ಸಂಗತಿಯ ನಿಜಸುಳ್ಳನ್ನು ನೋಡಿಯೇ ಹೊರತು ವಾಕ್ಯದ ವ್ಯಾಕರಣವನ್ನು ನೋಡಿ ಅಲ್ಲ. ಮಗುವಿಗೆ ಬೇಕಾದದ್ದು ಪರೀಕ್ಷಕರಲ್ಲ, ತನ್ನೊಡನೆ ಮಾತನಾಡುವ ಜನ.

ಇಲ್ಲಿಂದ ಹೊರಡುವ ರಾಜಕೀಯ ತೀರ್ಮಾನ ಸ್ಪಷ್ಟವಾಗಿದೆ. ಪ್ರತಿಯೊಂದು ಮಗುವೂ ತನ್ನ ಸುತ್ತಲಿನ ಮಾತಿನಿಂದ ಪೂರ್ಣವಾದ ವ್ಯಾಕರಣವೊಂದನ್ನು ಕಟ್ಟಿಕೊಳ್ಳುತ್ತದೆ ಎಂದಾದರೆ, 'ವ್ಯಾಕರಣವಿಲ್ಲದ ಭಾಷೆ' ಎಂಬುದೇ ಇಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಮಕ್ಕಳ ಇಂಗ್ಲಿಷಿಗೆ ತನ್ನದೇ ಕಟ್ಟುನಿಟ್ಟಾದ ನಿಯಮಗಳಿವೆ ಎಂದು ವಿಲಿಯಮ್ ಲಬೊವ್ 1960ರ ದಶಕದಲ್ಲೇ ತೋರಿಸಿದರು. 'ಹಾಲು' ಎಂಬುದನ್ನು 'ಆಲು' ಎನ್ನುವ ಹಳ್ಳಿಯ ಮಗುವಿನ ಮಾತಿಗೂ ಅಂಥದೇ ನಿಯಮವಿದೆ. ಆ ಮಗು ತನ್ನ ಮನೆಯವರಂತೆ, ತನ್ನ ಊರಿನವರಂತೆ ಮಾತನಾಡುತ್ತಿದೆ. ತರಗತಿಯಲ್ಲಿ ಏಳುವ ನಗು ಭಾಷೆಯ ಕುರಿತಾದದ್ದಲ್ಲ, ಜಾತಿ ವರ್ಗಗಳ ಕುರಿತಾದದ್ದು. ಗ್ರಾಂಥಿಕ ಕನ್ನಡ ಯಾವ ಮಗುವಿನ ಮೊದಲ ನುಡಿಯೂ ಅಲ್ಲ. ಕೆಲವರ ಮನೆ ಅದಕ್ಕೆ ಹತ್ತಿರ, ಹಲವರ ಮನೆ ದೂರ, ಅಷ್ಟೇ.

ಶಬ್ದಭಂಡಾರದ ಮಾತು ಸ್ವಲ್ಪ ಬೇರೆ. ಪದಗಳು ಬದುಕಿನಿಂದ ಬರುತ್ತವೆ. ಕುರಿ ಕಾಯುವವರ ಮಗುವಿನ ಪದಗಳೇ ಬೇರೆ, ಬಹುಮಹಡಿ ಕಟ್ಟಡದ ಮಗುವಿನವೇ ಬೇರೆ. 1995ರಲ್ಲಿ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಅಮೆರಿಕದ ಕಾನ್ಸಾಸ್ ಸಿಟಿಯ ಕೇವಲ 42 ಕುಟುಂಬಗಳನ್ನು ಗಮನಿಸಿ, ಬಡ ಮಕ್ಕಳು ಶಾಲೆಗೆ ಬರುವ ಮೊದಲೇ ಸುಮಾರು 3 ಕೋಟಿ ಪದಗಳನ್ನು ಕಡಿಮೆ ಕೇಳಿರುತ್ತಾರೆಂದು ಅಂದಾಜು ಮಾಡಿದರು. ಆ ಸಂಖ್ಯೆ ಜಗತ್ತನ್ನೆಲ್ಲ ಸುತ್ತಿತು. ಮುಂದೆ ಡಗ್ಲಸ್ ಸ್ಪೆರ್ರಿ ಮತ್ತು ಸಂಗಡಿಗರು ತಾಯಿಯ ಮಾತಿನ ಜೊತೆಗೆ ಮನೆಯ ಇತರರ ಮಾತನ್ನೂ, ಮಗುವಿನ ಸುತ್ತ ನಡೆಯುವ ಮಾತುಕತೆಯನ್ನೂ ಎಣಿಸಿದಾಗ ಆ ಕಂದರ ಕಾಣಲಿಲ್ಲ; ಒಂದೇ ವರ್ಗದ ಕುಟುಂಬಗಳ ನಡುವೆಯೇ ದೊಡ್ಡ ವ್ಯತ್ಯಾಸಗಳು ಕಂಡವು. ಅಜ್ಜಿ, ಅಕ್ಕ, ನೆರೆಮನೆಯವರು ಸೇರಿ ಬೆಳೆಸುವ ಮಗುವನ್ನು ತಾಯಿ-ಮಗು ಇಬ್ಬರೇ ಇರುವ ಕೋಣೆಯ ಅಳತೆಗೋಲಿನಿಂದ ಅಳೆದರೆ, ಬಡತನವು ಮನೆಯವರ ನಾಲಿಗೆಯ ದೋಷವಾಗಿ ಕಾಣತೊಡಗುತ್ತದೆ.

ವಲಸೆ ಬಂದ ಕನ್ನಡ ಕುಟುಂಬಗಳಲ್ಲಿ ಅಜ್ಜಿ, ನೆರೆಮನೆಗಳ ಆ ಬಳಗ ಒಮ್ಮೆಲೇ ಕಳಚಿಹೋಗುತ್ತದೆ. ಕನ್ನಡವಾಡುವವರು ಇಬ್ಬರೇ ಉಳಿಯುತ್ತಾರೆ, ಅವರೂ ಸಂಜೆ ದಣಿದು ಬರುವವರು. ಮಗು ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರಿಸುವುದು ಸೋಮಾರಿತನದಿಂದಲ್ಲ. ಕನ್ನಡದಲ್ಲಿ ಉತ್ತರಿಸಬೇಕಾದ ಸಂದರ್ಭವೇ ಅದಕ್ಕೆ ಒದಗುತ್ತಿಲ್ಲ. ಹೀಗಿರುವಾಗ ಅದು ಆಡಿದ ನಾಲ್ಕು ಮಾತಿನ ಉಚ್ಚಾರಣೆಗೆ ನೆಂಟರೆಲ್ಲ ನಕ್ಕರೆ ಆ ನಾಲ್ಕೂ ನಿಲ್ಲುತ್ತವೆ. ವಾರಾಂತ್ಯದ ಅಕ್ಷರಾಭ್ಯಾಸಕ್ಕಿಂತ ಮೊದಲು ಆಗಬೇಕಾದದ್ದು ಆಟ, ಅಡುಗೆ, ಜಗಳ, ಮುನಿಸು ಎಲ್ಲವೂ ಕನ್ನಡದಲ್ಲಿ ನಡೆಯುವುದು.

ಕೊನೆಯದಾಗಿ ನ್ಯಾಯದ ಪ್ರಶ್ನೆ. ಪರದೇಶದ ಶಾಲೆ ತಮ್ಮ ಮಗುವಿನ ಮನೆಮಾತನ್ನು ಗೌರವಿಸಬೇಕೆಂದು ಕೇಳುವ ಕನ್ನಡಿಗರು, ಕರ್ನಾಟಕದ ತರಗತಿಗೆ ಲಂಬಾಣಿ, ತುಳು, ಉರ್ದು, ಬ್ಯಾರಿ ಮಾತನಾಡುತ್ತ ಕಾಲಿಡುವ ಮಗುವಿನ ಪರವಾಗಿಯೂ ಅದನ್ನೇ ಕೇಳಬೇಕಾಗುತ್ತದೆ. ಆ ಮಗುವೂ ಒಂದು ಸಂಪೂರ್ಣ ವ್ಯಾಕರಣವನ್ನು ಹೊತ್ತೇ ಬಂದಿರುತ್ತದೆ. ಅದರ ಮೇಲೆ ಕನ್ನಡವನ್ನು ಕಟ್ಟಬಹುದು. ಅದನ್ನು ಕೆಡವಿ ಕಟ್ಟಬೇಕಿಲ್ಲ.