ನಡೆದು ನಡೆದು ಕಾದಂಬರಿಕಾರರಾದವರು: ತರುಣ ಶಿವರಾಮ ಕಾರಂತ
(ಕಲ್ಲಡ್ಕದಲ್ಲಿ ಕೃಷಿಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಲ್ಲಡ್ಕದ ಪೇಟೆಯಲ್ಲಿ ಒಂದು ಕೆ.ಟಿ. ಕುಡಿದು ಪೂರ್ವಕ್ಕೆ ಹೋಗುವ ಬಸ್ಸನ್ನೇರಿದರೆ ಮಾಣಿಯಲ್ಲಿ ದಾರಿ ಎರಡಾಗುತ್ತದೆ. ಬಲಕ್ಕೆ ತಿರುಗಿದ ಬಸ್ಸು ಪುತ್ತೂರನ್ನು ಸೇರುತ್ತದೆ. ಅಲ್ಲಿಯ ಪರ್ಲಡ್ಕದಲ್ಲಿ ಬಾಲವನವಿದೆ. ಡಾ. ಶಿವರಾಮ ಕಾರಂತರು ಬಾಳಿದ, ಬರೆದ, ಮಕ್ಕಳಿಗೆ ಕುಣಿತ ಕಲಿಸಿದ ಸ್ಥಳ ಅದು. ಈ ಊರಿನ ಅನೇಕ ವಿದ್ಯಾರ್ಥಿಗಳು ಶಾಲಾ ಪ್ರವಾಸದಲ್ಲಿ ಅದನ್ನು ನೋಡಿಯೇ ಇರುತ್ತಾರೆ. ಆದರೆ ಅವರಿಗೆ ಪರಿಚಿತವಾಗಿರುವುದು ಪಠ್ಯಪುಸ್ತಕದ ಕಾರಂತರು: ನೆರೆತ ಕೂದಲಿನ, ಜ್ಞಾನಪೀಠ ಪಡೆದ, 'ಕಡಲತೀರದ ಭಾರ್ಗವ'ನೆಂಬ ಬಿರುದಿನ ವೃದ್ಧರು. ಇಂದಿನ ಮಾತು ಆ ವೃದ್ಧರ ಕುರಿತಾದುದಲ್ಲ. 1924ರ ಸುಮಾರಿಗೆ ಮೊದಲ ಕಾದಂಬರಿ ಬರೆದ ಇಪ್ಪತ್ತೆರಡರ ತರುಣನು 1943ರಲ್ಲಿ 'ಬೆಟ್ಟದ ಜೀವ'ವನ್ನು ಬರೆಯುವ ಹೊತ್ತಿಗೆ ಏನೇನು ಮಾಡಿದ್ದ, ಹೇಗೆ ಬರೆಯುತ್ತಿದ್ದ ಎಂಬುದೇ ವಿಷಯ.

ಈ ವಿಷಯವನ್ನು ಆಯ್ದುಕೊಳ್ಳಲು ಒಂದು ಕಾರಣವಿದೆ. ಪರಿಸರದ ಕೆಲಸದಲ್ಲಿ ತೊಡಗಿದ ತರುಣರು 'ಬೆಟ್ಟದ ಜೀವ'ವನ್ನು ಓದಿ ಒಮ್ಮೊಮ್ಮೆ ಕೇಳುವ ಪ್ರಶ್ನೆ ಇದು: "ಕಾಡು ಕಡಿದು ತೋಟ ಮಾಡಿದ ಗೋಪಾಲಯ್ಯನನ್ನು ಇಷ್ಟು ಪ್ರೀತಿಯಿಂದ ಚಿತ್ರಿಸಿದ ಪುಸ್ತಕವನ್ನು ಕಾಡು ಉಳಿಸಬೇಕೆನ್ನುವವರು ಹೇಗೆ ಓದಬೇಕು?" ಪ್ರಶ್ನೆ ನ್ಯಾಯವಾದದ್ದು. ಅದನ್ನು ತಳ್ಳಿಹಾಕುವುದಕ್ಕಿಂತ, ಆ ಪುಸ್ತಕ ಬರೆದವರು ಯಾವ ಬಗೆಯ ಬದುಕಿನಿಂದ ಅಲ್ಲಿಗೆ ತಲಪಿದರೆಂದು ನೋಡುವುದು ಒಳ್ಳೆಯದು.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯ ಅಸಹಕಾರದ ಕರೆಗೆ ಓಗೊಟ್ಟು ವಿದ್ಯಾಭ್ಯಾಸವನ್ನು ತೊರೆದರು. ಮುಂದಿನ ಕೆಲವು ವರ್ಷಗಳ ಕಾಲ ಖಾದಿ ಪ್ರಚಾರ, ಸಮಾಜ ಸುಧಾರಣೆಗಳೆಂದು ಊರೂರು ಸುತ್ತಿದರು. ಸುತ್ತಿದರು ಎಂದರೆ ಬಹುಪಾಲು ನಡೆದರು. ಘಟ್ಟದ ಕೆಳಗಿನ ಈ ಸೀಮೆಯಲ್ಲಿ ಅಂದು ಹೊಳೆ ಹೊಳೆಗೂ ದೋಣಿ, ಗುಡ್ಡ ಗುಡ್ಡಕ್ಕೂ ಕಾಲುದಾರಿ. ಗಂಜಿ ಯಾರ ಮನೆಯಲ್ಲಿ ದೊರೆಯಿತೋ ಅಲ್ಲಿ ಊಟ, ಜಗಲಿ ಎಲ್ಲಿ ಸಿಕ್ಕಿತೋ ಅಲ್ಲಿ ನಿದ್ದೆ ಎಂಬ ಕಾಲ.

ಕುಂದಾಪುರದಲ್ಲಿದ್ದಾಗ 'ವಸಂತ' ಎಂಬ ಪತ್ರಿಕೆಯನ್ನು ನಡೆಸಿದರು. ಮೊದಮೊದಲ ಕತೆ ಕಾದಂಬರಿಗಳು ಆ ಕಾಲದವು. 'ವಿಚಿತ್ರ ಕೂಟ', 1928ರ 'ದೇವದೂತರು' ಮುಂತಾದ ಈ ಆರಂಭದ ಕೃತಿಗಳನ್ನು ಇಂದು ಸಂಶೋಧಕರಲ್ಲದೆ ಹೆಚ್ಚಿನವರು ಓದುವುದಿಲ್ಲ. 'ದೇವದೂತರು' ವಿಡಂಬನೆಯ ಪುಸ್ತಕ. ಮುಂದೆ ಕಾಣುವ ಕಟುವಾದ ನಗೆಯ ಸುಳಿವು ಅಲ್ಲಿದೆ, ಮುಂದೆ ಕಾಣುವ ಮಣ್ಣು ಅಲ್ಲಿಲ್ಲ. ಮೊದಲ ಕವಿತೆ ಜಿಲ್ಲಾ ಮಟ್ಟದ ಸ್ಪರ್ಧೆಯಲ್ಲಿ ಗೆಲ್ಲಲಿಲ್ಲವೆಂದು ಬರವಣಿಗೆಯನ್ನೇ ಬಿಟ್ಟ ವಿದ್ಯಾರ್ಥಿಗಳು ಪ್ರತಿ ಕಾಲೇಜಿನಲ್ಲೂ ಇರುತ್ತಾರೆ. ಅವರು ಈ ವರ್ಷಗಳನ್ನು ಗಮನಿಸಬೇಕು.

ಬರವಣಿಗೆಯ ಜೊತೆಗೆ ಕೈಗೆ ಸಿಕ್ಕ ವಿದ್ಯೆಯನ್ನೆಲ್ಲ ಅವರು ಪ್ರಯೋಗಿಸಿದರು: ನಾಟಕ, ಫೋಟೋಗ್ರಫಿ, ಚಿತ್ರಕಲೆ, ಯಕ್ಷಗಾನ. ಅಸ್ಪೃಶ್ಯತೆಯನ್ನು ವಸ್ತುವಾಗುಳ್ಳ 'ಡೊಮಿಂಗೊ' ಎಂಬ ಮೂಕಿ ಚಿತ್ರವನ್ನು 1930ರಲ್ಲಿ, 'ಭೂತರಾಜ್ಯ'ವನ್ನು 1931ರಲ್ಲಿ ತಯಾರಿಸಿದರು. ತಮ್ಮ ಆತ್ಮಕಥನಕ್ಕೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಹೆಸರಿಟ್ಟದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ. ಹತ್ತಕ್ಕಿಂತ ಹೆಚ್ಚೇ ಇರಬಹುದು.

ಆ ಬಳಿಕ ಪುತ್ತೂರು. ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರ ಆಸರೆಯಲ್ಲಿ ಅಲ್ಲಿ ನೆಲೆಯೂರಿ, ಸುಮಾರು ನಾಲ್ಕು ದಶಕಗಳ ಕಾಲ ಅದನ್ನೇ ತಮ್ಮ ಊರಾಗಿ ಮಾಡಿಕೊಂಡರು. ದಸರಾ ನಾಡಹಬ್ಬಕ್ಕೆ ಕನ್ನಡದ ಹೆಸರಾಂತ ಸಾಹಿತಿಗಳನ್ನು ಆ ಸಣ್ಣ ಪೇಟೆಗೆ ಕರೆತಂದರು. 1936ರಲ್ಲಿ ಲೀಲಾ ಆಳ್ವರನ್ನು ಮದುವೆಯಾದರು. ಬ್ರಾಹ್ಮಣ ವರ, ಬಂಟ ವಧು ಎಂಬುದು ಆ ಕಾಲದ ಪುತ್ತೂರಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಅದೇ ವರ್ಷ ಮಕ್ಕಳಿಗಾಗಿ 'ಬಾಲಪ್ರಪಂಚ'ದ ಮೂರು ಸಂಪುಟಗಳು ಹೊರಬಂದವು. ಪುಸ್ತಕ ಬರೆಯುವುದಷ್ಟೇ ಅಲ್ಲದೆ ಅದನ್ನು ಅಚ್ಚು ಹಾಕಿಸಿ ಮಾರುವ ಹೊಣೆಯನ್ನೂ ಅವರು ಹೊತ್ತರು. ಸಾಹಿತ್ಯದಿಂದ ಬದುಕು ಸಾಗಬೇಕಾದರೆ ಹಳ್ಳಿಯ ಬರಹಗಾರನಿಗೆ ಅಂದು ಬೇರೆ ದಾರಿ ಕಡಿಮೆಯಿತ್ತು.

ಇನ್ನು ಬರವಣಿಗೆಯ ಅಭ್ಯಾಸದ ಮಾತು. ಕಾರಂತರದು ದಿನಕ್ಕೆ ಒಂದು ಪುಟದಂತೆ ವರ್ಷವಿಡೀ ತಿದ್ದಿ ತೀಡಿ ಬರೆಯುವ ಕ್ರಮವಾಗಿರಲಿಲ್ಲ. ವಸ್ತು ಮನಸ್ಸಿನಲ್ಲಿ ಬಹುಕಾಲ ಮಾಗುತ್ತಿತ್ತು. ಕುಳಿತರೆ ಬರಹ ಕೆಲವೇ ದಿನಗಳಲ್ಲಿ ಮುಗಿಯುತ್ತಿತ್ತು. 1933ರ 'ಚೋಮನ ದುಡಿ' ಹಾಗೆ ಕೆಲವೇ ದಿನಗಳಲ್ಲಿ ಬರೆದ ಪುಸ್ತಕ. ಬರೆದದ್ದನ್ನು ಮತ್ತೆ ಮತ್ತೆ ತಿದ್ದುವ ರೂಢಿ ಅವರಿಗಿರಲಿಲ್ಲ. ಮುಂದಿನ ಕಾಲದಲ್ಲಿ ಹೇಳಿ ಬರೆಸುವ ಕ್ರಮವನ್ನೂ ಅನುಸರಿಸಿದರು. ಕೊನೆಯ ದಶಕಗಳಲ್ಲಿ ಸಾಲಿಗ್ರಾಮದಲ್ಲಿ ಅವರ ಮಾತನ್ನು ಬರೆದುಕೊಂಡವರು ಮಾಲಿನಿ ಮಲ್ಯರು. ಕಾರಂತರ ಚದುರಿಹೋದ ಲೇಖನಗಳನ್ನು ಸಂಪುಟಗಳಾಗಿ ಒಟ್ಟುಗೂಡಿಸಿದವರೂ ಅವರೇ.

ಈ ವೇಗವನ್ನು ನೋಡಿ ಕೆಲವರು ಅದನ್ನು ಪ್ರತಿಭೆಯ ಪವಾಡವೆನ್ನುತ್ತಾರೆ. ಗದ್ದೆ ಬೇಸಾಯ ಮಾಡಿದವರಿಗೆ ಹಾಗನ್ನಿಸಲಾರದು. ಕೊಯ್ಲಿಗೆ ಹಿಡಿಯುವುದು ಕೆಲವೇ ದಿನ. ಅದಕ್ಕೆ ಮುಂಚೆ ಉಳುಮೆ, ಸೊಪ್ಪು, ಗೊಬ್ಬರ, ನೇಜಿ, ನೀರು ಎಂದು ತಿಂಗಳುಗಳೇ ಸಂದಿರುತ್ತವೆ. 'ಚೋಮನ ದುಡಿ'ಯ ಹಿಂದೆ ಸುಮಾರು ಹತ್ತು ವರ್ಷಗಳ ನಡಿಗೆಯಿದೆ. ಚೋಮ ಎತ್ತಿನ ಜೋಡಿಯನ್ನು ಸಾಕಿಯೂ ಬೇಸಾಯಕ್ಕೆ ತುಂಡು ಭೂಮಿ ದೊರೆಯದ ಹೊಲೆಯರ ಆಳು. ಧಣಿ ಸಂಕಪ್ಪಯ್ಯ ಕ್ರೂರಿಯಲ್ಲ, ಒಮ್ಮೆ ಮನಸ್ಸು ಕರಗುವವನೂ ಹೌದು; ಆದರೂ ಹೊಲೆಯನಿಗೆ ಗದ್ದೆ ಗೇಣಿಗೆ ಕೊಡುವುದು ಸಂಪ್ರದಾಯಕ್ಕೆ ವಿರುದ್ಧ. ಹಳೆಯ ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಸಾಲದ ಲೆಕ್ಕ, ತೋಟದ ಚಳಿಜ್ವರ, ಹೊಳೆಯಲ್ಲಿ ಮುಳುಗುತ್ತಿರುವ ಹುಡುಗನನ್ನು ಮುಟ್ಟಲು ಹಿಂಜರಿಯುವ ಜನ: ಇವುಗಳನ್ನು ಮೇಜಿನ ಮುಂದೆ ಕುಳಿತು ಕಲ್ಪಿಸಿಕೊಂಡು ಬರೆಯಲಾಗದು. ಅಂಥ ಜೀವಗಳ ಗುಡಿಸಲವರೆಗೆ ನಡೆದುಹೋದವರಿಗೆ ಮಾತ್ರ ಅದು ಸಾಧ್ಯ.

ಈ ಕಾದಂಬರಿಯನ್ನು 1975ರಲ್ಲಿ ಚಲನಚಿತ್ರವಾಗಿಸಿದ ಬಿ.ವಿ. ಕಾರಂತರು ಇದೇ ಬಂಟ್ವಾಳ ತಾಲೂಕಿನ ಮಂಚಿಯವರು ಎಂಬುದನ್ನು ಇಲ್ಲಿ ನೆನಪಿಸುವುದು ಅಪ್ರಸ್ತುತವಾಗಲಾರದು. ಆ ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಲಭಿಸಿತು. ಕಲ್ಲಡ್ಕದಿಂದ ಮಂಚಿಗೆ ಹೆಚ್ಚೇನೂ ದೂರವಿಲ್ಲ.

ಈಗ ಗೋಪಾಲಯ್ಯನ ಪ್ರಶ್ನೆಗೆ ಮರಳಬಹುದು.

'ಬೆಟ್ಟದ ಜೀವ'ದ ಕತೆ ತೀರ ಸರಳ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಪಯಣಿಗನೊಬ್ಬ ಕೆಳಬೈಲಿನ ಗೋಪಾಲಯ್ಯನ ಮನೆ ಸೇರಿ ಕೆಲವು ದಿನ ಉಳಿಯುತ್ತಾನೆ. ಮುದುಕ ಗೋಪಾಲಯ್ಯ, ಮಡದಿ ಶಂಕರಮ್ಮ; ಮನೆ ಬಿಟ್ಟುಹೋದ ಮಗ ಶಂಭು. ಇನ್ನೂ ಒಳಗೆ ಕಾಟುಮೂಲೆಯಲ್ಲಿ ಗೋಪಾಲಯ್ಯನ ಪ್ರೋತ್ಸಾಹದಿಂದಲೇ ತೋಟ ಮಾಡುತ್ತಿರುವ ನಾರಾಯಣ, ಅವನ ಹೆಂಡತಿ ಲಕ್ಷ್ಮಿ. ಅಡಿಕೆ, ಆನೆ, ಹುಲಿ, ಮಳೆ. ದೊಡ್ಡ ಘಟನೆಯೆಂಬುದು ಅಷ್ಟಾಗಿ ಇಲ್ಲ. ಆದರೆ ಬೇಸಾಯ ಬಲ್ಲವರು ಅದನ್ನು ಓದಿದರೆ ಪುಟಪುಟದಲ್ಲೂ ಗೆಯ್ಮೆಯ ಅಳತೆ ಕಾಣುತ್ತದೆ. ಬೆಟ್ಟದ ಇಳಿಜಾರನ್ನು ಅಗೆದು ಸಮಮಾಡುವುದು, ತೊರೆಯ ನೀರನ್ನು ತಿರುಗಿಸಿ ತರುವುದು, ನೆಟ್ಟದ್ದನ್ನು ಆನೆ ಮೆಟ್ಟಿದರೆ ಪುನಃ ನೆಡುವುದು. ಇದನ್ನು ಬರೆದವರಿಗೆ ಆ ತೋಟದೊಳಗೆ ನಡೆದು ಗೊತ್ತಿತ್ತು.

ಗೋಪಾಲಯ್ಯ ಕಾಡನ್ನು ಕಡಿದವನೆಂಬುದು ದಿಟ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಅವನಲ್ಲಿದ್ದುದು ಕತ್ತಿ, ಕೊಡಲಿ, ಹಾರೆ, ಪಿಕ್ಕಾಸು. ಜೊತೆಗೆ ಬೆರಳೆಣಿಕೆಯ ಜನ. ಆ ತೋಳುಗಳಿಗೆ ಎಷ್ಟು ಸಾಧ್ಯವೋ ಅಷ್ಟೇ ತೋಟ. ತೋಟಕ್ಕೆ ಸೊಪ್ಪು ಬೇಕಾದ್ದರಿಂದ ಸುತ್ತಲಿನ ಗುಡ್ಡವೂ ಉಳಿಯಬೇಕಿತ್ತು. ದಕ್ಷಿಣ ಕನ್ನಡದ ಕುಮ್ಕಿ ಪದ್ಧತಿಯಲ್ಲಿ ವರ್ಗ ಭೂಮಿಯ ಸುತ್ತಲಿನ 100 ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಸೌದೆ ತರುವ ಸವಲತ್ತು ಕೃಷಿಕನಿಗೆ ದೊರೆತದ್ದು ಈ ತಿಳುವಳಿಕೆಯ ಮೇಲೆಯೇ. ಇಂದು ಅದೇ ಕುಮ್ಕಿಯಲ್ಲಿ ಜೆಸಿಬಿ ಒಂದು ದಿನದಲ್ಲಿ ಮಾಡುವ ಕೆಲಸಕ್ಕೆ ಗೋಪಾಲಯ್ಯನಿಗೆ ಆಯುಸ್ಸಿನ ಅರ್ಧ ಬೇಕಾಗುತ್ತಿತ್ತು. ಕೊಡಲಿಯ ಬೇಸಾಯವನ್ನೂ ಯಂತ್ರದ ಅಗೆತವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ತೂಕ ತಪ್ಪುತ್ತದೆ. ಹಾಗೆಂದು ಗೋಪಾಲಯ್ಯನ ಹೆಸರು ಹೇಳಿ ಇಂದಿನ ಅಗೆತವನ್ನು ಸಮರ್ಥಿಸುವವರೂ ಇದ್ದಾರೆ. ಆ ವಾದವೂ ಒಪ್ಪತಕ್ಕದ್ದಲ್ಲ.

ಕಾರಂತರ ದೃಷ್ಟಿಯೂ ಅಲ್ಲಿಗೇ ನಿಲ್ಲಲಿಲ್ಲ. 1951ರ 'ಕುಡಿಯರ ಕೂಸು'ವಿನಲ್ಲಿ ಅವರು ಅದೇ ಬೆಟ್ಟವನ್ನು ಮಲೆಕುಡಿಯರ ಕಣ್ಣಿನಿಂದ ಕಂಡರು. ಬೆಳ್ತಂಗಡಿಯ ಕಡೆಯಿಂದ ಬಂದ ವಿದ್ಯಾರ್ಥಿಗಳು ಮೊದಲು ಓದಬೇಕಾದ ಪುಸ್ತಕ ಅದು. ಎಪ್ಪತ್ತು ದಾಟಿದ ಮೇಲೆ ನಡಿಗೆ ಬೇರೆ ದಿಕ್ಕು ಹಿಡಿಯಿತು. ಭಾರತದ ಪರಿಸರದ ಸ್ಥಿತಿಗತಿಯ ಕುರಿತ ಮೊದಲ ನಾಗರಿಕ ವರದಿಯನ್ನು ಅವರು ಕನ್ನಡಕ್ಕೆ ತಂದರು. ಸರಕಾರವೂ ಖಾಸಗಿ ಕೈಗಾರಿಕೆಯೂ ಕೂಡಿ ಸ್ಥಾಪಿಸಿದ ಕಂಪೆನಿಯೊಂದಕ್ಕೆ ನೀಲಗಿರಿ ಬೆಳೆಸಲೆಂದು ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಕೊಡಹೊರಟಾಗ, 1986ರಲ್ಲಿ ಸಮಾಜ ಪರಿವರ್ತನ ಸಮುದಾಯದೊಂದಿಗೆ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಆಗ ಅವರ ವಯಸ್ಸು 87. ಸೋತರು. ಸೋಲಿನಿಂದ ಕಂಗೆಟ್ಟವರಂತೆ ಕಾಣಲಿಲ್ಲ. 'ವಸಂತ' ಪತ್ರಿಕೆಯ ಕಾಲದಿಂದಲೂ ಸೋಲು ಅವರಿಗೆ ರೂಢಿಯೇ ಆಗಿತ್ತು.

ಗೋಪಾಲಯ್ಯನನ್ನು ಪ್ರೀತಿಸಿದ ಲೇಖನಿಯೇ ನೀಲಗಿರಿ ತೋಪಿನ ವಿರುದ್ಧದ ಅರ್ಜಿಗೆ ರುಜು ಹಾಕಿತು. ಇದರಲ್ಲಿ ವಿರೋಧಾಭಾಸ ಕಾಣುವವರಿಗೆ ಕಾಣಲಿ. ಬೆಟ್ಟದಲ್ಲಿ ಬದುಕುವವನ ಕಡೆ ನಿಂತ ಮನಸ್ಸು ಎರಡೂ ಕಡೆ ಒಂದೇ ಎಂದು ತಿಳಿಯುವುದೇ ಸರಿಯೆಂದು ತೋರುತ್ತದೆ.

'ಬೆಟ್ಟದ ಜೀವ'ದ ಸೀಮೆಯ ಇಂದಿನ ಸ್ಥಿತಿ ಬೇರೆ. ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಸೋಗೆ ಹಳದಿಯಾಗಿ, ಫಸಲು ಕುಗ್ಗಿ, ಕೊನೆಗೆ ಬೋಳು ಕಂಬಗಳಂತೆ ಮರಗಳು ನಿಲ್ಲುತ್ತವೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವಿದ್ದಂತೆ ಇದಕ್ಕೆ ಸಿಂಪಡಿಸುವ ಔಷಧವಿಲ್ಲ. ವಿಟ್ಲದ ಸಂಶೋಧನಾ ಕೇಂದ್ರವು ರೋಗಪೀಡಿತ ತೋಟಗಳಲ್ಲೇ ಆರೋಗ್ಯವಾಗಿ ಉಳಿದ ಮರಗಳನ್ನು ಗುರುತಿಸಿ ತಳಿ ಬೆಳೆಸುವ ಕೆಲಸದಲ್ಲಿ ತೊಡಗಿದೆ. ಆ ತೋಟಗಳ ನಡುವಿನ ಮನೆಗಳಲ್ಲಿ ಇಬ್ಬರೇ ಮುದುಕರು; ಶಂಭುಗಳೆಲ್ಲ ಬೆಂಗಳೂರಿನಲ್ಲಿದ್ದಾರೆ. ಬಂಟ್ವಾಳದ ಹಳ್ಳಿಗಳೂ ಇದಕ್ಕೆ ಹೊರತಲ್ಲ.

ಈ ಮನೆಗಳ ಕತೆಯನ್ನು ಬರೆದವರು ಇನ್ನೂ ಸಾಕಷ್ಟಿಲ್ಲ. ಇಲ್ಲಿ ಕುಳಿತ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಬರೆಯುವ ಆಸೆಯಿದ್ದರೆ ತರುಣ ಕಾರಂತರ ಕ್ರಮವನ್ನು ಸಣ್ಣ ಮಟ್ಟದಲ್ಲಿ ಪ್ರಯತ್ನಿಸಬಹುದು. ಮುಂದಿನ ರಜೆಯಲ್ಲಿ ಒಂದು ತೋಡನ್ನು ಅದು ಹೊಳೆ ಸೇರುವಲ್ಲಿಂದ ಹುಟ್ಟುವ ಗುಡ್ಡದವರೆಗೆ ನಡೆದು ನೋಡಿ. ದಾರಿಯ ಪ್ರತಿ ಮನೆಯಲ್ಲಿ ಕೇಳಿ: ಇಲ್ಲಿ ಕಟ್ಟ ಕಟ್ಟುತ್ತಿದ್ದವರು ಯಾರು, ಯಾವ ವರ್ಷ ನಿಂತಿತು, ಯಾಕೆ ನಿಂತಿತು, ಸುರಂಗದಲ್ಲಿ ನೀರು ಎಷ್ಟು ತಿಂಗಳು ಇರುತ್ತಿತ್ತು, ಮಗ ಎಲ್ಲಿದ್ದಾನೆ. ನೋಟುಪುಸ್ತಕವನ್ನು ಆಗಲೇ ತೆರೆಯಬೇಕೆಂದಿಲ್ಲ. ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು, ಮಾತು ಮುಗಿಯುವವರೆಗೆ ಜಗಲಿಯಲ್ಲಿ ಕುಳಿತಿರಿ. ಬಾಲವನಕ್ಕೆ ಹೋಗುವವರು 'ಬೆಟ್ಟದ ಜೀವ'ವನ್ನು ಓದಿಯೇ ಹೋಗಿ. ಪುಸ್ತಕ ದೊಡ್ಡದೇನಲ್ಲ, ಎರಡು ರಾತ್ರಿ ಸಾಕು.